ಅಂಚೆಯಮ್ಮ ಕೂತ ಜಾಗಗಳು

ಮೂವತ್ತೊಂದು ವರ್ಷ ಆಕೆ ಮನೆಮನೆಗೆ ಕಾಗದ ಹಂಚಿದ್ದಳು. ಕೆಲಸದಿಂದ ನಿವೃತ್ತಳಾಗಿ ಎರಡು ವರ್ಷವಾದರೂ ಸುತ್ತಮುತ್ತಲಿನವರಿಗೆಲ್ಲ ಆಕೆ ಅಂಚೆಯಮ್ಮನೇ. ಜೊತೆಯವರು ಇಲಾಖೆಯ ಸೈಕಲ್ಲೇರಿ ಹೋಗುತ್ತಿದ್ದರೆ ಈಕೆ ಮಾತ್ರ ಚೀಲ ಹೆಗಲಿಗೇರಿಸಿ ನಡೆದೇ ಹೊರಡುತ್ತಿದ್ದಳು. ಯಾರ ಮನೆಯ ಬೆಲ್ಲು ಕೆಟ್ಟಿದೆ, ಯಾವ ಮೂರನೇ ಮಹಡಿಯ ಅಜ್ಜನಿಗೆ ಕಿವಿ ಮಂದ, ಯಾವ ನಾಯಿ ನಿಜವಾಗಿ ಕಚ್ಚುತ್ತದೆ, ಯಾವುದು ಬರೀ ಆರ್ಭಟ ಮಾಡುತ್ತದೆ, ಎಲ್ಲವೂ ಆಕೆಗೆ ಬಾಯಿಪಾಠ.

ಗಂಡ ಇದಕ್ಕೆ ತದ್ವಿರುದ್ಧ. ನಗರಸಭೆಯ ಮರಗೆಲಸದ ಶೆಡ್ಡಿನಲ್ಲಿ ಬಡಗಿ. ಉದ್ಯಾನದ ಬೆಂಚು, ಉಯ್ಯಾಲೆಯ ಹಲಗೆ, ಕಾಲುಸೇತುವೆಯ ಕಟಕಟೆ, ಊರಲ್ಲಿ ಮುರಿದದ್ದೆಲ್ಲ ಅವನ ಮುಂದೆ ಬಂದು ಬೀಳುತ್ತಿತ್ತು. ಶೆಡ್ಡಿಗೂ ಸೈಕಲ್ಲು, ಮನೆಗೂ ಸೈಕಲ್ಲು, ಮೂಲೆಯಂಗಡಿಯಿಂದ ಒಂದು ಬೆಂಕಿಪೊಟ್ಟಣ ತರುವುದಕ್ಕೂ ಸೈಕಲ್ಲು. ಮಾತು ಕಡಿಮೆ. ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಿದ್ದಳು.

ಆ ವರ್ಷ ಚಳಿಗಾಲದಲ್ಲಿ ಅಂಚೆಯಮ್ಮನಿಗೆ ಹಿಡಿದ ಕೆಮ್ಮು ಬಿಡಲೇ ಇಲ್ಲ. ಶ್ವಾಸಕೋಶ ಸೊರಗಿದೆ, ಮೊದಲಿನಂತೆ ಆಗುವುದಿಲ್ಲ ಎಂದು ಡಾಕ್ಟರು ಹೇಳಿದರು. ದಿನಾ ಸ್ವಲ್ಪ ನಡೆಯಬೇಕು, ಏದುಸಿರು ಬಂದ ಕೂಡಲೇ ಕೂರಬೇಕು ಎಂದರು. ಎಲ್ಲಿ ಕೂರಬೇಕು ಅಂತ ಮಾತ್ರ ಹೇಳಲಿಲ್ಲ. ಮೊದಲ ದಿನ ಹೊರಟವಳು ಬೀದಿಯ ತಿರುವಿನವರೆಗೂ ಹೋಗಲಾಗದೆ ದೀಪದ ಕಂಬವನ್ನು ತಬ್ಬಿಕೊಂಡು ನಿಂತುಬಿಟ್ಟಳು. ಮೂರು ಮಕ್ಕಳು ಸೈಕಲ್ಲು ನಿಲ್ಲಿಸಿ ಏನಾಯಿತು ಎಂದು ಕೇಳಿದವು. ಅವಮಾನವಾಯಿತು. ಆಮೇಲೆ ಮೂರು ವಾರ ಹೊಸಲು ದಾಟಲಿಲ್ಲ.

ಮುಂದುಗಡೆ ಸೀಟಿರುವ ಮೂರು ಗಾಲಿಯ ಸೈಕಲ್ಲು ತರುತ್ತೇನೆ, ಎಲ್ಲಿಗೆ ಬೇಕಾದರೂ ಕೂರಿಸಿಕೊಂಡು ಹೋಗುತ್ತೇನೆ ಎಂದು ಗಂಡ ಹೇಳಿ ನೋಡಿದ.

“ನಾನೇನು ಪಾರ್ಸಲ್ಲಾ?” ಎಂದಳು ಅವಳು. ಅಲ್ಲಿಗೆ ಆ ಮಾತು ಮುಗಿಯಿತು.

ಅಡುಗೆಮನೆಯ ಕಿಟಕಿಯಿಂದ ಬೀದಿ ಕಾಣುತ್ತಿತ್ತು. ಅವಳು ಕೆಲಸಕ್ಕೆ ಸೇರಿದ ಕಾಲದಲ್ಲಿ ಅದೇ ಬೀದಿಯನ್ನು ಜೀವ ಕೈಯಲ್ಲಿ ಹಿಡಿದು ದಾಟಬೇಕಿತ್ತು. ಈಗ ಕಾರುಗಳಿಗೆ ಒಂದೇ ಸಾಲು, ಅದೂ ನಡೆಯುವವರ ವೇಗದಲ್ಲಿ. ಉಳಿದ ಜಾಗದಲ್ಲಿ ಸೈಕಲ್ ದಾರಿ, ಅಗಲವಾದ ಕಾಲುದಾರಿ, ಎರಡು ಸಾಲು ಮರ. ಶಾಲೆಯ ಮಕ್ಕಳು ತಮ್ಮಷ್ಟಕ್ಕೆ ತಾವೇ ಹರಟುತ್ತ ಹೋಗುತ್ತಿದ್ದವು. ಒಂದು ಸಂಜೆ ಅವಳು ಪಾತ್ರೆ ಒರೆಸುವುದನ್ನು ನಿಲ್ಲಿಸಿ, “ಬೀದಿ ಇಷ್ಟು ಚೆನ್ನಾಗಾಯ್ತು, ನೋಡಿ. ನಂಗೇ ಇಲ್ಲದ ಹಾಗಾಯ್ತು” ಎಂದಳು.

ಮಾರನೆಯ ದಿನ ಬಡಗಿ ಶೆಡ್ಡಿನಿಂದ ಬರುವಾಗ ಹ್ಯಾಂಡಲ್ಲಿಗೆ ಒಂದು ಮಡಚುವ ಸ್ಟೂಲು ನೇತುಹಾಕಿಕೊಂಡು ಬಂದ. ಹಳೆಯ ಬೆಂಚಿನ ಪಟ್ಟಿಗಳಿಂದ ಮಾಡಿದ್ದು. “ನೀನು ನಡಿ. ನಾನು ಹಿಂದೆ ಸೈಕಲ್ಲು ತಳ್ಕೊಂಡು ಬರ್ತೀನಿ. ಕೈ ಎತ್ತಿದ್ರೆ ಸಾಕು” ಎಂದ.

ಮೊದಲ ವಾರ ಅವಳಿಗೆ ನಾಚಿಕೆಯೋ ನಾಚಿಕೆ. ಪರಿಚಯದವರು ಕಂಡರೆ ಕೈ ಎತ್ತದೆ ಹಲ್ಲು ಕಚ್ಚಿಕೊಂಡು ನಾಲ್ಕು ಹೆಜ್ಜೆ ಹೆಚ್ಚು ನಡೆಯುತ್ತಿದ್ದಳು. ಬಳಿಕ ಅದೂ ಹೋಯಿತು. ಬೇಕರಿಯಲ್ಲಿ ಕೆಲಸ ಮಾಡುವ ತುಂಬುಬಸುರಿಯೊಬ್ಬಳು ಒಂದು ದಿನ ಸೊಂಟ ಹಿಡಿದುಕೊಂಡು ಬಂದು, ನಾನೂ ಎರಡು ನಿಮಿಷ ಕೂತುಕೊಳ್ಳಲೇ ಎಂದು ಕೇಳಿದಳು. ಅಂಚೆಯಮ್ಮ ಎದ್ದು ಜಾಗ ಕೊಟ್ಟಳು. ಎದ್ದು ನಿಂತವಳಿಗೆ ಉಸಿರು ಸಾಲದೆ ಬಡಗಿ ಅವಳನ್ನು ಸೈಕಲ್ಲಿಗೆ ಒರಗಿಸಿ ಹಿಡಿದುಕೊಳ್ಳಬೇಕಾಯಿತು. ಒಂದು ಸ್ಟೂಲು ಸಾಲದು ಎಂದು ಅವನಿಗೆ ಅನ್ನಿಸಿದ್ದು ಆಗ.

ಇನ್ನೊಂದನ್ನೂ ಅವನು ಗಮನಿಸಿದ್ದ. ಹೆಂಡತಿ ಹೆಚ್ಚುಕಡಿಮೆ ಅದೇ ಜಾಗಗಳಲ್ಲೇ ಕೈ ಎತ್ತುತ್ತಿದ್ದಳು: ಕ್ಷೌರದಂಗಡಿಯ ಮುಂದೆ, ಲೈಬ್ರರಿಯ ಗೋಡೆಯ ಹತ್ತಿರ, ಔಷಧಿ ಅಂಗಡಿಯ ತಿರುವಿನಲ್ಲಿ, ಕಾಲುವೆಗೆ ಇಳಿಯುವ ದಾರಿಯ ಆರಂಭದಲ್ಲಿ. ಅವನು ಸೀಮೆಸುಣ್ಣದಿಂದ ಗುರುತು ಹಾಕಿದ. ರಜೆಯ ದಿನಗಳಲ್ಲಿ ಬಿಸಾಡಿದ ಹಲಗೆ ಹೆರೆದು ನಾಲ್ಕು ಬೆಂಚು ಮಾಡಿ, ಒಂದು ಭಾನುವಾರ ಬೆಳಗ್ಗೆ ತಾನೇ ಹೋಗಿ ನೆಟ್ಟು ಬಂದ. ಯಾರನ್ನೂ ಕೇಳಲಿಲ್ಲ.

ಹದಿನೈದು ದಿನಕ್ಕೆ ನಗರಸಭೆಯ ಎಂಜಿನಿಯರಮ್ಮ ಶೆಡ್ಡಿಗೆ ಬಂದಳು. ಮಗಳ ವಯಸ್ಸಿನವಳು. ಅವನನ್ನು ಲೈಬ್ರರಿಯ ಗೋಡೆಯವರೆಗೆ ಕರೆದೊಯ್ದಳು. ಕಣ್ಣು ಕಾಣದ ಒಬ್ಬ ಪಿಯಾನೋ ರಿಪೇರಿಯವರು ದಿನಾ ಆ ಗೋಡೆಗುಂಟ ಕೋಲು ತಾಗಿಸುತ್ತ ಹೋಗುತ್ತಿದ್ದರಂತೆ. ಹೊಸ ಬೆಂಚಿಗೆ ಬಡಿದು ಮೊಣಕಾಲು ಒಡೆದುಕೊಂಡಿದ್ದರು.

ಬಡಗಿಯ ಮುಖ ಸಪ್ಪಗಾಯಿತು. ಬೆಂಚಿನ ಅಂಚನ್ನು ಅವನೇ ಉಜ್ಜಿ ನಯ ಮಾಡಿದ್ದ. ನಡೆಯುವವರ ದಾರಿಗೆ ಅಡ್ಡವಾದೀತು ಎಂಬುದು ಮಾತ್ರ ತಲೆಗೆ ಹೋಗಿರಲಿಲ್ಲ.

“ಇಲ್ಲೇ ಯಾಕೆ ಹಾಕಿದ್ರಿ?” ಎಂದು ಕೇಳಿದಳು ಎಂಜಿನಿಯರಮ್ಮ.

“ಇಲ್ಲಿಗೆ ಬರೋ ಹೊತ್ತಿಗೆ ನಮ್ಮನೆಯವಳಿಗೆ ಉಸಿರು ಸಾಲಲ್ಲ.”

ಅವಳು ಟೇಪು ಹಿಡಿದು ಅಳೆದಳು. ಆ ಬೆಂಚನ್ನು ಗೋಡೆ ಒಳಸರಿದ ಕಡೆಗೆ ಸರಿಸಿ ಹಾಕಿಸಿದಳು, ಉಳಿದ ಮೂರನ್ನು ಇದ್ದಲ್ಲೇ ಬಿಟ್ಟಳು, ಅವನಿಗೊಂದು ಎಚ್ಚರಿಕೆ ಪತ್ರವನ್ನೂ ಕೊಟ್ಟಳು. ಬಡಗಿ ಅದೇ ಸಂಜೆ ಪಿಯಾನೋದವರ ಮನೆ ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದ. ಅವರು ಟೀ ಕೊಟ್ಟು, ಬೆಂಚು ಎಷ್ಟು ಗಟ್ಟಿ ಎಂಬುದು ನನ್ನ ಮೊಣಕಾಲಿಗೆ ಚೆನ್ನಾಗಿ ಗೊತ್ತು ಎಂದು ನಕ್ಕರು.

ಮುಂದಿನ ವಾರ ಎಂಜಿನಿಯರಮ್ಮ ಮನೆಗೇ ಬಂದಳು. ಬೇರೆ ಬೀದಿಗಳಲ್ಲೂ ಹೀಗೆ ಜಾಗ ಗುರುತಿಸಬೇಕು, ಅಂಚೆಯಮ್ಮ ಹೇಳಬಲ್ಲರೇ ಎಂದು ಕೇಳಿದಳು. ಅಂಚೆಯಮ್ಮ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು, ಈ ತಿರುವಿನಲ್ಲಿ ಮಂಡಿನೋವಿನ ಅಕ್ಕತಂಗಿಯರಿದ್ದಾರೆ, ಆ ಏರಿನಲ್ಲಿ ಮಗು ಎತ್ತಿಕೊಂಡವರು ಸುಸ್ತಾಗುತ್ತಾರೆ ಎಂದು ಮಧ್ಯಾಹ್ನವಿಡೀ ಹೇಳಿದಳು. ಮಾತಿನ ನಡುವೆ ಎರಡು ಸಲ ಉಸಿರು ಕಟ್ಟಿತು. ಎಂಜಿನಿಯರಮ್ಮ ಪೆನ್ನು ಕೆಳಗಿಟ್ಟು ಕಾದಳು. ಬೇಸಿಗೆಗೆ ಮೊದಲು ಹನ್ನೊಂದು ಬೆಂಚು ಮಂಜೂರಾದವು. ಮಾಡಿದವನು ಬಡಗಿಯೇ.

ಬೇಸಿಗೆಯಲ್ಲಿ ಮಗಳು ಬಂದಳು. ದೂರದ ಊರಲ್ಲಿ ನರ್ಸು. ಎರಡು ದಿನಕ್ಕೆಂದು ರೈಲಿನಲ್ಲಿ ಬಂದಿದ್ದಳು. ಬಂದಾಗಿನಿಂದ ಫೋನು ಕೈಬಿಟ್ಟಿರಲಿಲ್ಲ, ಅಳಿಯನ ಮಾತು ಎತ್ತಿದರೆ ಬೇರೇನೋ ಹೇಳುತ್ತಿದ್ದಳು. ಸಂಜೆ ಮೂವರೂ ಕಾಲುವೆಯ ಕಡೆ ಹೊರಟರು. ಹತ್ತು ನಿಮಿಷದ ದಾರಿ. ಮಗಳು ಅಮ್ಮನ ಹಾಗೇ ಬೀಸುನಡಿಗೆಯವಳು, ಪ್ರತಿ ಬೆಂಚಿನ ಹತ್ತಿರವೂ ವಾಪಸ್ಸು ಬಂದು ಕೂರಬೇಕಾಯಿತು. ಕ್ಷೌರದಂಗಡಿಯ ಮುಂದೆ ಫೋನು ನೋಡಿದಳು. ಲೈಬ್ರರಿಯ ಹತ್ತಿರ ಸೆಕೆಯ ಬಗ್ಗೆ ಮಾತಾಡಿದಳು. ಔಷಧಿ ಅಂಗಡಿಯ ತಿರುವಿನಲ್ಲಿ ಫೋನನ್ನು ಬ್ಯಾಗಿಗೆ ಹಾಕಿ, ಎದುರಿಗೆ ಹೋಗುತ್ತಿದ್ದ ಸೈಕಲ್ಲುಗಳನ್ನು ನೋಡುತ್ತ ಹೇಳಿದಳು:

“ಅಮ್ಮಾ, ನಾವಿಬ್ರೂ ಬೇರೆ ಆಗಿದೀವಿ. ನಾಲ್ಕು ತಿಂಗಳಾಯ್ತು.”

ಅಂಚೆಯಮ್ಮನಿಗೆ ಆಗಿನ್ನೂ ಮಾತಾಡುವಷ್ಟು ಉಸಿರು ಮರಳಿರಲಿಲ್ಲ. ಮಗಳ ಕೈಯನ್ನು ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು. ಬಡಗಿ ಸ್ವಲ್ಪ ದೂರದಲ್ಲಿ ಕೂತು ಸೈಕಲ್ಲಿನ ಚೈನನ್ನು ಸುಮ್ಮನೆ ಮುಟ್ಟಿ ಮುಟ್ಟಿ ನೋಡುತ್ತಿದ್ದ.

ಉಸಿರು ಸ್ವಲ್ಪ ಮರಳಿದ ಮೇಲೆ ಅಂಚೆಯಮ್ಮ, “ಅಲ್ಲಿ ಹೊತ್ತಿಗೆ ಸರಿಯಾಗಿ ಉಣ್ತೀಯಾ?” ಎಂದು ಕೇಳಿದಳು.

ಮಗಳು ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ಅತ್ತಳು, ಅಳುತ್ತಲೇ ಒಂದೊಂದಾಗಿ ಹೇಳಿದಳು. ಅಂಚೆಯಮ್ಮನ ಉಸಿರು ಆಗಲೇ ಹದಕ್ಕೆ ಬಂದಿತ್ತು, ಆದರೂ ಏಳಲಿಲ್ಲ. ಆ ದಿನ ಅವರು ಕಾಲುವೆಯವರೆಗೆ ಹೋಗಲಿಲ್ಲ. ಮಗಳು ಟಿಕೆಟ್ಟು ಬದಲಾಯಿಸಿ ಇನ್ನೂ ಹತ್ತು ದಿನ ಉಳಿದಳು. ಆರನೆಯ ದಿನ ಮೂವರೂ ನೀರಿನ ಅಂಚು ಮುಟ್ಟಿದರು.