ಸಮುದ್ರದ ಪಾಚಿ, ಬೇಗೂರಿನ ಮನೆ

ನಾನು ಸುಲಭಕ್ಕೆ ಅಸಹ್ಯಪಡುವ ಹೆಂಗಸು. ಇನ್ನೊಬ್ಬರು ಕಚ್ಚಿ ಕುಡಿದ ಲೋಟ, ಬಸ್ಸಿನ ಕಂಬಿ, ಬಚ್ಚಲಿನ ಜಾಲರಿಗೆ ಸಿಕ್ಕಿಕೊಂಡ ಕೂದಲು, ಹೋಟೆಲಿನಲ್ಲಿ ಟೇಬಲ್ ಒರೆಸುವ ಬಟ್ಟೆ, ಇವನ್ನು ನೆನೆಸಿಕೊಂಡರೂ ಎದ್ದು ಹೋಗಿ ಕೈ ತೊಳೆದು ಬರುತ್ತೇನೆ. ಇಂಥವಳಿರುವ ಮನೆಗೆ ನನ್ನ ಗಂಡ ಸಮುದ್ರವನ್ನೇ ತಂದಿಟ್ಟ.

ಎಲೆಕ್ಟ್ರಾನಿಕ್ ಸಿಟಿಯ ಅವನ ಆಫೀಸಿನಲ್ಲಿ ಯಾರೋ ಊರು ಬಿಟ್ಟು ಹೊರಟಿದ್ದರಂತೆ, ಇದನ್ನು ಇವನ ತಲೆಗೆ ಕಟ್ಟಿ ಹೋದರು. ಗಾಜಿನ ದೊಡ್ಡ ತೊಟ್ಟಿ, ಅದರಲ್ಲಿ ಉಪ್ಪು ಬೆರೆಸಿದ ನೀರು, ತೂತು ತೂತಾದ ಬಂಡೆಗಳು, ಬಂಡೆಗೆ ಅಂಟಿಕೊಂಡ ಹವಳ, ಕಿತ್ತಳೆ ಬಣ್ಣದ ಒಂದು ಜೋಡಿ ಮೀನು, ಒಂದಷ್ಟು ಬಸವನಹುಳು, ಒಂದು ಸಿಗಡಿ. ಬೇಗೂರಿನ ನಮ್ಮ ಮನೆಯಲ್ಲಿ ಟಿವಿಯ ಪಕ್ಕ ಅದು ಕೂತ ದಿನ ಅವನು ಬೀದಿಯವರನ್ನೆಲ್ಲ ಕರೆದು ತೋರಿಸಿದ. ಕೆಲವು ವಾರ ಮುದ್ದಿನಿಂದ ನೋಡಿಕೊಂಡ. ಆಮೇಲೆ ಆಫೀಸಿನಲ್ಲಿ ಕೆಲಸ ಜಾಸ್ತಿ ಎಂದ. ತೊಟ್ಟಿ ನನ್ನ ಕೊರಳಿಗೆ ಬಿತ್ತು.

ನಮ್ಮದು ಮೊಟ್ಟೆ ಕೂಡ ಹೊಸಿಲು ದಾಟದ ಮನೆ. ಅತ್ತೆ ಹುಟ್ಟಿದ್ದು, ಮದುವೆಯಾಗಿದ್ದು, ಮಕ್ಕಳನ್ನು ಹೆತ್ತಿದ್ದು ಎಲ್ಲ ಬೇಗೂರಿನಲ್ಲೇ. ಶುಚಿಯಲ್ಲಿ ಅವರು ನನಗಿಂತ ಒಂದು ಕೈ ಮೇಲು. ತೊಟ್ಟಿಯಿಂದ ಒಂದು ಹನಿ ಸಿಡಿದರೆ "ಮೀನ್ ನೀರು ಬಿತ್ತು" ಎಂದು ನೇರ ಸ್ನಾನಕ್ಕೆ ಹೋಗುತ್ತಿದ್ದರು. ಮೀನಿಗೆ ಹಾಕುವ ತಿಂಡಿ ಫ್ರೀಜರಿನಲ್ಲಿಡುವಂಥದ್ದು, ಪುಡಿ ಮಾಡಿ ಹೆಪ್ಪುಗಟ್ಟಿಸಿದ ಸಣ್ಣ ಸಣ್ಣ ಸಮುದ್ರದ ಹುಳು. ಕವರಿನ ಮೇಲೆ ಕವರು ಸುತ್ತಿ ಡಬ್ಬಿಯಲ್ಲಿಟ್ಟಿದ್ದೆ. ಅತ್ತೆ ಒಂದು ದಿನ ಡಬ್ಬಿ ತೆಗೆದು ನೋಡಿದರು. ಹಾಲು, ಮೊಸರು, ದೋಸೆ ಹಿಟ್ಟು ಎಲ್ಲವನ್ನೂ ಫ್ರಿಜ್ಜಿನಿಂದ ಈಚೆಗೆ ತೆಗೆದಿಟ್ಟು, "ಇನ್ಮ್ಯಾಕೆ ಈ ಪೆಟ್ಟಿಗೆ ನಿಂದೇ ಕಣಮ್ಮ, ನಂಗೆ ಬ್ಯಾಡ" ಎಂದರು. ಆ ಬೇಸಿಗೆಯೆಲ್ಲ ನಾವು ಹುಳಿ ಮೊಸರು ತಿಂದೆವು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಆ ಡಬ್ಬಿ ಮುಟ್ಟುವಾಗ ನಾನೂ ಉಸಿರು ಬಿಗಿಹಿಡಿಯುತ್ತಿದ್ದೆ.

ಪಾಚಿ ಬಂದಿದ್ದೂ ಆ ಬೇಸಿಗೆಯಲ್ಲೇ. ಬೋರ್‌ವೆಲ್ ಕೈಕೊಟ್ಟಿತ್ತು, ಮನೆಗೆ ಟ್ಯಾಂಕರ್ ನೀರು. ತೊಟ್ಟಿಗೆ ಫಿಲ್ಟರ್ ಮಾಡಿದ ನೀರನ್ನೇ ಹಾಕಬೇಕು. ಗೊತ್ತಿದ್ದೂ ನನ್ನ ಗಂಡ ಸೋಮಾರಿತನಕ್ಕೆ ಟ್ಯಾಂಕರಿನ ನೀರಿಗೇ ಉಪ್ಪು ಕಲಸಿ ಕೊಡಗಟ್ಟಲೆ ಸುರಿದ. ಮೊದಲು ಗಾಜಿನ ಮೇಲೆ ಕಂದು ಪುಡಿ ಕಾಣಿಸಿತು. ಆಮೇಲೆ ಬಂಡೆಗಳಿಗೆ ಹಸಿರು ಕೂದಲು ಬಂತು. ಕೂದಲೆಂದರೆ ಸಾಕ್ಷಾತ್ ಬಚ್ಚಲಿನ ಜಾಲರಿಯ ಕೂದಲು, ಉದ್ದಕ್ಕೆ, ಲೋಳೆಲೋಳೆಯಾಗಿ, ನೀರು ಅಲ್ಲಾಡಿದ ಕಡೆಗೆಲ್ಲ ಅಲ್ಲಾಡುತ್ತಿತ್ತು. ಮರಳಿನ ಮೇಲೆ ಕೆಂಪು ಕೆನೆ ಕಟ್ಟಿತು, ಅದರಲ್ಲಿ ಗುಳ್ಳೆಗಳು. ಅದರ ಎದುರು ಕೂತು ಸಾರನ್ನ ಕಲಸಿಕೊಳ್ಳಲು ನನ್ನ ಕೈಲಿ ಆಗುತ್ತಿರಲಿಲ್ಲ. ಟಿವಿಗೆ ಬೆನ್ನು ಹಾಕಿ ಊಟ ಮಾಡುವುದನ್ನು ಅಭ್ಯಾಸ ಮಾಡಿಕೊಂಡೆ.

ಸ್ಕಿಮ್ಮರ್ ಅಂತ ಒಂದು ಯಂತ್ರವಿತ್ತು. ನೀರಿಗೆ ಗಾಳಿ ಊದಿ ನೊರೆ ಎಬ್ಬಿಸಿ, ನೊರೆಯ ಜೊತೆ ಮೇಲೆ ಬಂದ ಕೊಳೆಯನ್ನು ಒಂದು ಬಟ್ಟಲಿಗೆ ತುಂಬುವುದು ಅದರ ಕೆಲಸ. ಬಟ್ಟಲು ತೊಳೆಯುವುದು ನನ್ನ ಕೆಲಸ. ಅದರಲ್ಲಿ ನಿಂತ ಕಂದು ನೀರಿನ ವಾಸನೆಯನ್ನು ವರ್ಣಿಸಲಾರೆ. ಮೂಗಿಗೆ ಕರ್ಚೀಫು ಕಟ್ಟಿ, ಮುಖ ಆಚೆ ತಿರುಗಿಸಿ, ಹಿಂದಿನ ಮೋರಿಗೆ ಚೆಲ್ಲಿ ಓಡಿಬರುತ್ತಿದ್ದೆ.

ತಡೆಯಲಾರದೆ ಹೊಸೂರು ರಸ್ತೆಯ ಸಾಕುವ ಮೀನಿನ ಅಂಗಡಿಗೆ ಹೋದೆ. ಪಾಚಿ ಹೋಗಲು ಔಷಧಿ ಕೊಡಿ ಎಂದೆ.

"ಔಷಧಿ ಇದೆ ಮೇಡಂ. ಹಾಕಿದ್ರೆ ಪಾಚಿ ಹೋಗುತ್ತೆ, ಜೊತೆಗೆ ನಿಮ್ ಸಿಗಡೀನೂ ಹೋಗ್ಬಹುದು. ಆಮೇಲೆ ನನ್ನ ಬೈಬೇಡಿ" ಎಂದ ಅಂಗಡಿಯವನು. "ತಿಂಡಿ ಕಮ್ಮಿ ಹಾಕಿ, ಲೈಟ್ ಕಮ್ಮಿ ಮಾಡಿ, ಬ್ರಶ್ ತಗೊಂಡು ಕೈಯಲ್ಲೇ ಉಜ್ಜಿ. ಬೇರೆ ದಾರಿ ಇಲ್ಲ."

ಅವನು ಮೀನು ಹೋಗುತ್ತದೆ ಅಂದಿದ್ದರೆ ಕೊಂಡು ತಂದೇ ತರುತ್ತಿದ್ದೆ. ಸಿಗಡಿ ಎಂದುಬಿಟ್ಟ. ಆ ಕೊಳಕು ಪ್ರಪಂಚದಲ್ಲಿ ನನಗೆ ಅಸಹ್ಯ ಹುಟ್ಟಿಸದ ಜೀವ ಅದೊಂದೇ. ಬೆನ್ನಿನ ಮೇಲೆ ಕೆಂಪು ಪಟ್ಟೆ, ನಡುವೆ ಬಿಳಿ ಗೆರೆ, ಉದ್ದುದ್ದ ಬಿಳಿ ಮೀಸೆ. ಮೀನುಗಳು ಬಂದು ಅದರ ಮುಂದೆ ಸುಮ್ಮನೆ ನಿಲ್ಲುತ್ತಿದ್ದವು, ಅದು ಅವುಗಳ ಮೈಯನ್ನು, ಬಾಯಿಯೊಳಗನ್ನು ಕೂಡ ಹೆಕ್ಕಿ ಹೆಕ್ಕಿ ಶುಚಿ ಮಾಡುತ್ತಿತ್ತು. ಮನೆಯಲ್ಲಿ ನನ್ನ ಜಾತಿಯ ಪ್ರಾಣಿ ಒಂದಾದರೂ ಇದೆಯಲ್ಲ ಎಂದು ಸಮಾಧಾನ. ಏನೇ ಆಗಲಿ ಅದನ್ನು ಉಳಿಸಿಕೊಳ್ಳಬೇಕು ಎಂದು ಬರಿಗೈಯಲ್ಲಿ ವಾಪಸ್ ಬಂದೆ.

ಅಂದಿನಿಂದ ಉಜ್ಜುವ ಕೆಲಸ ಶುರುವಾಯಿತು. ದನದ ಡಾಕ್ಟರುಗಳು ಹಾಕಿಕೊಳ್ಳುತ್ತಾರಲ್ಲ, ಭುಜದ ತನಕ ಬರುವ ಗ್ಲೌಸು, ಅಂಥದ್ದನ್ನು ಹುಡುಕಿ ತರಿಸಿದೆ. ಅದಿಲ್ಲದೆ ಒಂದು ಬೆರಳನ್ನೂ ನೀರಿಗೆ ಇಳಿಸಲಿಲ್ಲ. ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಬಂಡೆ ಕೆರೆದು, ಕಿತ್ತುಬಂದ ಕೂದಲನ್ನು ಪೈಪಿನಲ್ಲಿ ಹೀರಿ ಬಕೆಟ್ಟಿಗೆ ಬಿಡುವುದು. ಭಾನುವಾರ ಬೋಳಾದ ಬಂಡೆ ಗುರುವಾರಕ್ಕೆ ಮತ್ತೆ ಹಸಿರು. ನನ್ನ ಮುಖ ಹುಣಸೆಹಣ್ಣು ತಿಂದಂತೆ ಕಿವುಚಿಕೊಂಡೇ ಇರುತ್ತಿತ್ತು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ, ದೂರದಲ್ಲೇ ನಿಂತು ನೋಡುತ್ತಿದ್ದರು.

"ಏನಾರ ಔಷ್ದಿ ಹಾಕ್ಬಾರ್ದಾ? ಯಾಕಿಂಗೆ ಒದ್ದಾಡ್ತೀಯ?" ಎಂದರು ಒಮ್ಮೆ.

"ಔಷಧಿ ಮಾತ್ರ ಬೇಡ ಅತ್ತೆ" ಎಂದೆ. ಯಾಕೆ ಎಂದು ಬಿಡಿಸಿ ಹೇಳುವಷ್ಟು ತಾಳ್ಮೆ ಇರಲಿಲ್ಲ, ಬಾಯಿ ತೆರೆದರೆ ವಾಸನೆ ಒಳಗೆ ಹೋಗುತ್ತದೆಂಬ ಭಯ ಬೇರೆ.

ಅದಾದ ಕೆಲವು ದಿನಕ್ಕೆ ಪಾಚಿ ಸೊರಗತೊಡಗಿತು. ಹಸಿರು ಹೋಗಿ ಬೂದಿ ಬಣ್ಣಕ್ಕೆ ತಿರುಗಿತು, ಬ್ರಶ್ಶು ತಾಕಿಸಿದರೆ ಸಾಕು, ಕಳಚಿ ಬರುತ್ತಿತ್ತು. ಮರಳಿನ ಕೆಂಪು ಕೆನೆ ಕೂಡ ಹರಿದುಹೋಯಿತು. ನನ್ನ ಉಜ್ಜಾಟಕ್ಕೆ ಫಲ ಸಿಕ್ಕಿತು ಎಂದು ಉಬ್ಬಿಹೋದೆ. ಬಸವನಹುಳುಗಳು ಗಾಜಿನಿಂದ ಉದುರಿ ತಳದಲ್ಲಿ ಬಿದ್ದಿದ್ದವು. ತಿನ್ನಲು ಪಾಚಿ ಇಲ್ಲ, ಪಾಪ, ಸುಮ್ಮನೆ ಮಲಗಿವೆ ಅಂದುಕೊಂಡೆ. ಸಿಗಡಿ ಕಾಣಿಸುತ್ತಿರಲಿಲ್ಲ, ಅದು ಪೊರೆ ಕಳಚುವಾಗ ಹೀಗೇ ಅಡಗಿಕೊಳ್ಳುತ್ತದೆ, ಹಿಂದೆಯೂ ನೋಡಿದ್ದೆ. ಹವಳ ಮಾತ್ರ ಮುದುಡಿ, ಕೊಳೆತ ಬಾಳೆಹಣ್ಣಿನಂತೆ ಜಾರತೊಡಗಿದಾಗ ಹೆದರಿ ಅಂಗಡಿಗೆ ಫೋನ್ ಮಾಡಿದೆ.

"ತಾಮ್ರ ಏನಾದ್ರೂ ಬಿತ್ತಾ ಮೇಡಂ?" ಅದೇ ಅವನ ಮೊದಲ ಪ್ರಶ್ನೆ. "ಮೀನು ಹೆಂಗೋ ತಡ್ಕೊಳ್ಳುತ್ತೆ. ಹುಳ, ಸಿಗಡಿ, ಹವಳ ಯಾವುದೂ ತಡ್ಕೊಳ್ಳಲ್ಲ. ಬೇಗ ಹುಡುಕಿ."

ಗ್ಲೌಸು ಏರಿಸಿಕೊಂಡು ಬಂಡೆಗಳನ್ನು ಒಂದೊಂದಾಗಿ ಎತ್ತಿದೆ. ಹಿಂದಿನ ಮೂಲೆಯಲ್ಲಿ, ಎಲ್ಲಕ್ಕಿಂತ ಕೆಳಗೆ, ಬಂಡೆಗಳ ಸಂದಿಯಲ್ಲಿ ಅಂಗೈಯಗಲದ ಒಂದು ತಾಮ್ರದ ತಗಡು ನಿಂತಿತ್ತು. ಮೈತುಂಬ ಕಿಲುಬು. ಬಿದ್ದದ್ದಲ್ಲ, ಅಲ್ಲಾಡದಂತೆ ಜೋಪಾನವಾಗಿ ಸಿಕ್ಕಿಸಿದ್ದು. ಅದರ ಪಕ್ಕದ ಬಂಡೆಯ ಕೆಳಗೆ ನನ್ನ ಸಿಗಡಿ ಮಗುಚಿ ಬಿದ್ದಿತ್ತು. ಕೆಂಪು ಪಟ್ಟೆ ಬಿಳಿಚಿ, ಬೇಯಿಸಿದ ಹಾಗಾಗಿತ್ತು. ಅದನ್ನು ಒಂದು ಡಬ್ಬಿಯ ಮುಚ್ಚಳದ ಮೇಲೆ ಎತ್ತಿಕೊಂಡೆ. ಹಗಲೆಲ್ಲ ಮನೆಯಲ್ಲಿರುವವರು ನಾನು, ಅತ್ತೆ ಇಬ್ಬರೇ. ಒಂದು ಕೈಯಲ್ಲಿ ತಗಡು, ಇನ್ನೊಂದರಲ್ಲಿ ಮುಚ್ಚಳ. ಆಡಬೇಕಾದ ಮಾತೆಲ್ಲ ನಾಲಿಗೆಯ ತುದಿಯಲ್ಲಿಟ್ಟುಕೊಂಡು ಅಡುಗೆಮನೆಗೆ ನುಗ್ಗಿದೆ. ನೀರು ನೆಲದ ಮೇಲೆಲ್ಲ ತೊಟ್ಟಿಕ್ಕುತ್ತಿತ್ತು.

ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ಅವರಿಗೆ ಕಂಡದ್ದು ತಗಡೊಂದೇ, ಮುಖ ಅರಳಿತು.

"ಅಯ್, ಯಾಕ್ ತೆಗ್ದೆ? ನಮ್ ನೀರಿನ ಸಂಪಲ್ಲಿ ಇದ್ದಿದ್ದು ಅದು. ಅದ್ನ ಹಾಕ್ದಾಗಿಂದ ಸಂಪಲ್ಲಿ ಒಂದಿನಾನೂ ಪಾಚಿ ಕಟ್ಟಿಲ್ಲ. ನೀನು ಔಷ್ದಿ ಬ್ಯಾಡ ಅಂದ್ಯಲ್ಲ, ತಾಮ್ರ ಔಷ್ದಿ ಅಲ್ವಲ್ಲ, ಅದ್ಕೇ ಹಾಕ್ದೆ. ಹೆಂಗೋಯ್ತು ನೋಡು, ಗಾಜು ಹೆಂಗ್ ಹೊಳೀತಾ ಐತೆ!"

"ಅಷ್ಟು ಕೆಳಗೆ ಹೆಂಗೆ ಇಟ್ರಿ?" ನನ್ನ ಬಾಯಿಂದ ಬಂದದ್ದು ಅದೊಂದೇ.

"ಕೈ ಹಾಕಿ, ಇನ್ನೆಂಗೆ? ಭುಜದ ಗಂಟ ಹೋಯ್ತು, ರವಿಕೆ ತೋಳೆಲ್ಲ ನೆನೆದೋಯ್ತು. ಆಮ್ಯಾಕೆ ತಲೆಗ್ ಸ್ನಾನ ಮಾಡಿದ್ರೂ ಆ ವಾಸ್ನೆ ಹೋಗ್ಲಿಲ್ಲ ಕಣಮ್ಮ. ದಿನಾ ನಿನ್ ಮುಖ ನೋಡೋಕಾಗ್ತಿರ್ಲಿಲ್ಲ, ಅದ್ಕೇ ಹಾಕ್ದೆ." ಸೊಪ್ಪಿನ ಕಂತೆ ಕೆಳಗಿಟ್ಟು ಬಲಗೈಯನ್ನು ಮುಂದೆ ಚಾಚಿ, ಬೆರಳು ಅಗಲಿಸಿದರು. "ಆ ಪಟ್ಟೆ ಹುಳ ಐತಲ್ಲ, ಅದು ಓಡ್ಬಂದು ಕೈ ಮ್ಯಾಲೇ ಕೂತ್ಕಂತು. ಒಂದೊಂದೇ ಉಗ್ರು ಹಿಡ್ದು ಸಂದಿ ಸಂದಿ ಕ್ಲೀನ್ ಮಾಡ್ತು. ಮದ್ಲು ಮೈಯೆಲ್ಲ ಜುಮ್ಮಂತು, ಕಿತ್ಕಳಾನಾ ಅನ್ನಿಸ್ತು. ಆಮ್ಯಾಕೆ ಪಾಪ, ಎಷ್ಟ್ ಆಸ್ಥೆಯಿಂದ ಮಾಡ್ತಾ ಐತೆ ಅಂತ, ಅದು ಮುಗ್ಸೋಗಂಟ ಕೈ ಅಲ್ಲಾಡಿಸ್ನಿಲ್ಲ. ಎಲ್ಲೋಯ್ತು ಅದು? ಈಚೀಚೆಗೆ ಕಾಣಿಸ್ತಾನೇ ಇಲ್ಲ."

"ಬಂಡೆ ಸಂದೀಲಿ ಎಲ್ಲೋ ಇದೆ ಅತ್ತೆ" ಎಂದೆ. ಮುಚ್ಚಳವನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡೆ. ಆ ಸಿಗಡಿ ಎಷ್ಟೋ ಸಲ ನನ್ನ ಗ್ಲೌಸಿನ ಬೆರಳ ತುದಿಗೆ ಬಂದು, ಮೀಸೆ ತಾಕಿಸಿ, ವಾಪಸ್ ಹೋಗಿದ್ದನ್ನು ನೋಡಿದ್ದೆ. ಯಾಕೆ ಹೋಗುತ್ತದೆಂದು ಯೋಚಿಸಿರಲಿಲ್ಲ. ಭುಜದ ತನಕ ಏರಿಸಿಕೊಂಡಿದ್ದ, ನೀರು ತೊಟ್ಟಿಕ್ಕುತ್ತಿದ್ದ ಆ ಗ್ಲೌಸಿನ ಮೇಲೆ ನನಗೆ ಹೇಳಲಾರದಷ್ಟು ಹೇಸಿಗೆಯಾಯಿತು.