ಜಾರಿದ ಅಚ್ಚು

ಹಳೆಯ ನಾಣ್ಯಗಳ ಅಂಗಡಿಯವನಿಗೆ ಬೀದಿಯವರು ಇಟ್ಟ ಹೆಸರು ಅಲ್ಲಪ್ಪ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಆದರೆ ಅದನ್ನು ಹಿಡಿದು ಕರೆಯುವವರು ಯಾರೂ ಹತ್ತಿರ ಉಳಿದಿರಲಿಲ್ಲ. ಯಾರು ಎಂಥ ನಾಣ್ಯ ತಂದರೂ ಅವನ ಬಾಯಿಂದ ಮೊದಲು ಉದುರುವ ಮಾತು, "ಅಲ್ಲಪ್ಪ, ಇದು ಜಾರಿದ್ದು." ಹೆಂಗಸರು ತಂದರೆ "ಅಲ್ಲಮ್ಮ." ಅಷ್ಟೇ ವ್ಯತ್ಯಾಸ.

ಬರುವವರದೆಲ್ಲ ಒಂದೇ ಆಸೆ. ಅಕ್ಷರ ಜೋಡಿಯಾಗಿ ಕಾಣುವ ನಾಣ್ಯಕ್ಕೆ ಭಾರಿ ಬೆಲೆಯಂತೆ ಎಂದು ಎಲ್ಲೋ ಕೇಳಿ, ಮನೆಯ ಡಬ್ಬಿಗಳನ್ನೆಲ್ಲ ತಡಕಾಡಿ, ಒಂದನ್ನು ಹಿಡಿದುಕೊಂಡು ಓಡಿ ಬರುತ್ತಿದ್ದರು. ಬೆಲೆ ಇರುವುದು ನಿಜ. ಆದರೆ ನಾಣ್ಯ ಒತ್ತುವ ಅಚ್ಚನ್ನು ಮಾಡುವಾಗಲೇ ಅದರಲ್ಲಿ ಅಕ್ಷರ ಎರಡು ಸಲ ಮೂಡಿಬಿಟ್ಟಿರಬೇಕು. ಆಗ ನಾಣ್ಯದ ಮೇಲೆ ಎರಡೂ ದುಂಡಗೆ, ಮೈತುಂಬಿಕೊಂಡು ನಿಲ್ಲುತ್ತವೆ, ಮೂಲೆಗಳಲ್ಲಿ ಸಣ್ಣ ಸೀಳು ಕಾಣುತ್ತದೆ. ಇವರು ತರುವುದು ಅದಲ್ಲ, ಜಾರಿದ್ದು. ಒತ್ತುವಾಗ ಅಚ್ಚು ಒಂದಿಷ್ಟು ಅಲುಗಿ, ಇದ್ದ ಒಂದೇ ಅಕ್ಷರದ ಅಂಚನ್ನು ಉಜ್ಜಿ, ಮೆಟ್ಟಿಲಿನ ಹಾಗೆ ಚಪ್ಪಟೆ ಮಾಡಿರುತ್ತದೆ. ಎರಡನೆಯದು ಹುಟ್ಟಿರುವುದಿಲ್ಲ, ಮೊದಲನೆಯದೇ ಸೊರಗಿರುತ್ತದೆ. ಅಂಥದ್ದಕ್ಕೆ ಕವಡೆ ಕಾಸಿನ ಕಿಮ್ಮತ್ತೂ ಇಲ್ಲ.

ಇಷ್ಟು ತಿಳಿಯಲು ಬೇರೆಯವರಿಗೆ ಭೂತಗನ್ನಡಿ ಬೇಕು. ಅಲ್ಲಪ್ಪನಿಗೆ ಬೇಡ. ನಾಣ್ಯ ಮೇಜಿನ ಗಾಜಿನ ಮೇಲೆ ಬಿದ್ದು ಸದ್ದು ನಿಲ್ಲುವ ಮೊದಲೇ ಗೊತ್ತಾಗಿಬಿಡುತ್ತಿತ್ತು. ಆ ಬಗ್ಗೆ ಅವನಿಗೆ ಜಂಬವೂ ಇತ್ತು. ಇರಲಿ ಬಿಡಿ, ಪಾಪ, ಅವನ ಹತ್ತಿರ ಇನ್ನೇನಿತ್ತು? ಮದುವೆಯಾಗಿರಲಿಲ್ಲ, ಅಂಗಡಿಯ ಹಿಂದಿನ ಕೋಣೆಯೇ ಮನೆ. ಮಧ್ಯಾಹ್ನ ಬಾಗಿಲು ಅರ್ಧ ಎಳೆದು, ನಾಣ್ಯಗಳ ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಒಬ್ಬನೇ ಉಣ್ಣುತ್ತಿದ್ದ.

ತನ್ನವನೆಂದರೆ ಅಣ್ಣ ಒಬ್ಬನೇ. ಅಂಗಡಿ ಹಾಕಿಕೊಟ್ಟವನೂ ಅವನೇ. ವರ್ಷಗಳ ಹಿಂದೆ ಆ ಅಣ್ಣನೂ ಒಂದು ನಾಣ್ಯ ತಂದಿದ್ದ, ಜೊತೆಗೆ ಕಾರ್ಖಾನೆಯ ಗೆಳೆಯರ ದಂಡನ್ನೂ. "ನೋಡ್ತಿರಿ, ನನ್ನ ತಮ್ಮ ಹೇಳಿದ್ರೆ ಮುಗೀತು" ಎಂದು ಬೀಗುತ್ತ ಗಾಜಿನ ಮೇಲಿಟ್ಟ. ಇನ್ಯಾರದೋ ಪೊಟ್ಟಣಕ್ಕೆ ದಾರ ಕಟ್ಟುತ್ತಿದ್ದ ಅಲ್ಲಪ್ಪ ಕತ್ತು ಹೊರಳಿಸಿ, "ಜಾರಿದ್ದು" ಎಂದ. ಗೆಳೆಯರು ಗೊಳ್ಳೆಂದು ನಕ್ಕರು. ಅಣ್ಣ ನಾಣ್ಯವನ್ನು ಜೇಬಿಗಿಳಿಸಿ ಹೊರಟವನು ಮತ್ತೆ ಇತ್ತ ತಲೆ ಹಾಕಲಿಲ್ಲ. ಹೊಸ ಮನೆ ಕಟ್ಟಿದ ಸುದ್ದಿ ಬಂತು, ಕರೆ ಬರಲಿಲ್ಲ. ಆಗಿನ್ನೂ ತೊಟ್ಟಿಲಲ್ಲಿದ್ದ ಅವನ ಮಗುವನ್ನೂ ಆಮೇಲೆ ನೋಡಲಾಗಲಿಲ್ಲ.

ಇದ್ದದ್ದು ಇದ್ದ ಹಾಗೆ ಹೇಳಿದ್ದಕ್ಕೆ ಇಷ್ಟು ಕೋಪವೇ? ಸುಳ್ಳು ಹೇಳಬೇಕಿತ್ತೇ? ಹೀಗೆ ತನ್ನಷ್ಟಕ್ಕೆ ವಾದ ಹೂಡಿ ಅಲ್ಲಪ್ಪ ಪ್ರತಿ ಸಲವೂ ತಾನೇ ಗೆಲ್ಲುತ್ತಿದ್ದ. ಗೆದ್ದವನಿಗೆ ಸುಖವಿರಲಿಲ್ಲ. ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ ಅಣ್ಣನೇ ಇರಬಹುದೆಂದು ಕಣ್ಣೆತ್ತುತ್ತಿದ್ದ. ಬಂದರೆ ಸಾಕಿತ್ತು, ಬೈದರೂ ಸರಿ.

ಮೊನ್ನೆ ಸಂಜೆ ನೆರಳು ಬಿತ್ತು. ನೋಡಿದರೆ ಯಾರೋ ಹುಡುಗಿ, ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ. ಅಣ್ಣನಲ್ಲವೆಂದು ಅಲ್ಲಪ್ಪ ಮತ್ತೆ ತಕ್ಕಡಿ ಒರೆಸತೊಡಗಿದ. ಅವಳು ಪರ್ಸಿನಿಂದ ಒಂದು ನಾಣ್ಯ ತೆಗೆದು ಗಾಜಿನ ಮೇಲಿಟ್ಟಳು.

"ಇದನ್ನ ಸ್ವಲ್ಪ ನೋಡ್ತೀರಾ?"

"ಅಲ್ಲಮ್ಮ, ಜಾರಿದ್ದು." ಒರೆಸುವ ಕೈ ನಿಲ್ಲಲಿಲ್ಲ.

ಅವಳ ಮುಖ ಸಣ್ಣದಾಯಿತು. "ಅಪ್ಪ ಹೇಳಿದ್ದೇ ಸರಿಯಾಯ್ತು, ಚಿಕ್ಕಪ್ಪ."

ಅಲ್ಲಪ್ಪ ತಲೆಯೆತ್ತಿದ. ಅಣ್ಣನದೇ ಮೂಗು, ಅಣ್ಣನದೇ ಹುಬ್ಬು.

"ಏನಂದ ಅವನು?"

"ಅವನು ಕೈಗೂ ತಗೊಳಲ್ಲ, ಬೇಕಾದ್ರೆ ನೋಡು ಅಂದ್ರು. ಅವತ್ತೂ ನೀವು ಹೀಗೇ ಮಾಡಿದ್ರಂತೆ. ಕೈಗೆ ತಗೊಂಡು ನೋಡಿದ್ರೆ ಏನೇ ಹೇಳ್ಲಿ, ಮನೆಗೆ ಕರ್ಕೊಂಡು ಬಾ ಅಂದಿದ್ರು. ಆಚೆ ಗಾಡಿ ನಿಲ್ಲಿಸ್ಕೊಂಡೇ ಬಂದಿದ್ದೆ."

ಅಲ್ಲಪ್ಪ ತಡಬಡಿಸಿ ಖಾನೆಗಳನ್ನೆಲ್ಲ ಎಳೆದು ಭೂತಗನ್ನಡಿ ಹುಡುಕಿ ತೆಗೆದ. "ತಾಳು ಮಗಳೇ, ನೋಡ್ತೀನಿ."

"ಇನ್ನೇನು ನೋಡ್ತೀರಾ ಚಿಕ್ಕಪ್ಪ? ಅದು ಜಾರಿದ್ದೇ. ಅಪ್ಪನಿಗೂ ಗೊತ್ತು" ಎಂದು ಅವಳು ನಾಣ್ಯವನ್ನು ಪರ್ಸಿಗೆ ಹಾಕಿಕೊಂಡಳು.