ಗೆಳೆಯನ ಕೈಯ ವೇಗ

ಮಾಡ್ಬರಿ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯವರೊಬ್ಬರು ಮೂವತ್ತು ವರ್ಷದಿಂದ ಒಂದೇ ಕಂಟ್ರಿ ರಾಕ್ ಬ್ಯಾಂಡಿನಲ್ಲಿ ಹಾಡುತ್ತಿದ್ದರು. ಏನು ಕೇಳಿದರೂ ಗಡ್ಡ ತುರಿಸಿಕೊಂಡು, "ನೋಡೋಣ, ಮೇಟ್" ಎನ್ನುವುದು ಅವರ ರೂಢಿ. ಬ್ಯಾಂಡಿನಲ್ಲಿ ಡ್ರಮ್ ಬಾರಿಸುವ ಅವರ ಗೆಳೆಯನಿಗೆ ಪಾರ್ಶ್ವವಾಯು ಬಡಿದು ಬಲಗೈ ಸೋತಾಗ, ಬೇರೆಯವರನ್ನು ಸೇರಿಸಿಕೊಳ್ಳಿ ಎಂದು ಎಲ್ಲರೂ ಹೇಳಿದರು. ಹಾಗೆ ಹೇಳಿದವರಿಗೂ ಅದೇ ಉತ್ತರ ಸಿಕ್ಕಿತು. ಆಮೇಲೆ ಆರು ತಿಂಗಳು ದಿನಾ ಮಧ್ಯಾಹ್ನ ಗೆಳೆಯನನ್ನು ತಮ್ಮ ಗ್ಯಾರೇಜಿಗೆ ಕರೆತಂದು, ಆ ಕೈ ಓಡಿದಷ್ಟೇ ವೇಗದಲ್ಲಿ ಹೊಸ ಹಾಡುಗಳನ್ನು ಕಟ್ಟಿದರು.

ಆಲ್ಬಮ್ ಬಂತು. ಹಳೆಯ ಆರ್ಭಟವಿಲ್ಲದೆ, ಕೇಳಲು ಹಿತವಾಗಿತ್ತು.

"ಪೇಪರ್‌ನಲ್ಲಿ ನೋಡಿದ್ರಾ? ವಯಸ್ಸು ನಿಮ್ಮನ್ನ ಮಾಗಿಸಿದೆಯಂತೆ," ಎಂದು ಬೇಲಿಯ ಬಳಿ ಅಭಿನಂದಿಸಿದೆ.

ಅವರು ನಕ್ಕರು. "ವಯಸ್ಸಲ್ಲ, ಅವನ ಕೈ. ಅದು ಎಲ್ಲಿಗೆ ಕರ್ಕೊಂಡು ಹೋಯ್ತೋ, ನಾವೂ ಅಲ್ಲಿಗೇ ಹೋದ್ವಿ."